ಹೆಸರು ಗುಪ್ತವಾಗಿಡಲಾಗಿದೆ

ನಾನು ಮಿತಭಾಷಿ. ಇದನ್ನು ಒಪ್ಪದವರೆಲ್ಲ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಇಲ್ಲದವರು. ಕುಕನೂರಿನಲ್ಲಿ, ಅದೂ ಸಂತೆ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಬೀಜ-ಗೊಬ್ಬರದ ಅಂಗಡಿಯವರ ಹೆಂಡತಿಯಾಗಿ ಇಪ್ಪತ್ತಾರು ವರ್ಷ ಬಾಳ್ವೆ ಮಾಡಿದವಳು ನಾನು. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ನಮ್ಮ ಕಡೆ ಯಾರೂ ಕಾಲೇಜಿಗೆ ಹೋಗುವುದಿಲ್ಲ. ಬಾಗಿಲ ಮುಂದೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರೆ ಸಾಕು, ಬೇಕಾದದ್ದೂ ಬೇಡವಾದದ್ದೂ ತಾನೇ ನಡೆದು ಬಂದು ಮಡಿಲಿಗೆ ಬೀಳುತ್ತದೆ. ಎದುರುಮನೆ ನೀಲವ್ವನ ಸೊಸೆ ತವರಿಗೆ ಯಾಕೆ ಹೋದಳು, ಯಾವಾಗ ಬರುತ್ತಾಳೆ, ಬಂದವಳು ಮತ್ತೆ ಯಾವ ಮಾತಿಗೆ ಸಿಟ್ಟಾಗಿ ಹೋಗುತ್ತಾಳೆ, ಇದಿಷ್ಟನ್ನೂ ಆ ಸೊಸೆಗಿಂತ ಮೊದಲು ನಾನು ಹೇಳಬಲ್ಲೆ. ಇಂಥ ನಾನು ನಲವತ್ತೇಳನೆಯ ವಯಸ್ಸಿನಲ್ಲಿ ಹೆಗಲಿಗೆ ಬ್ಯಾಗು ಹಾಕಿಕೊಂಡು ಮನಃಶಾಸ್ತ್ರ ಕಲಿಯಲು ಕೊಪ್ಪಳದ ಸಮುದಾಯ ಕಾಲೇಜಿಗೆ ಸೇರಿದೆನೆಂದರೆ ಅದಕ್ಕೆ ಬಲವಾದ ಕಾರಣ ಇರಲೇಬೇಕು. ಇತ್ತು. ಆ ಕಾರಣ ನಮ್ಮ ಮನೆಯಲ್ಲೇ, ಒಳಗಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಕೂತಿತ್ತು.

ಕಾರಣದ ಹೆಸರು ಪೂರ್ಣಿಮಾ. ನಮ್ಮ ಎರಡನೆಯ ಮಗಳು. ದೊಡ್ಡವಳನ್ನು ಯಲಬುರ್ಗಾಕ್ಕೆ ಕೊಟ್ಟಿದ್ದೇವೆ. ಪೂರ್ಣಿ ಕೊಪ್ಪಳದಲ್ಲಿ ಬಿ.ಕಾಂ. ಎರಡನೆಯ ವರ್ಷ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮೊದಲೆಲ್ಲ ಬಸ್ಸಿಳಿದು ಬಂದು ಚಪ್ಪಲಿ ಬಿಡುವುದರೊಳಗೆ ಕಾಲೇಜಿನ ಸುದ್ದಿಯನ್ನೆಲ್ಲ ನನ್ನ ಮುಂದೆ ಸುರಿಯುತ್ತಿದ್ದ ಹುಡುಗಿ. ಹೋದ ದೀಪಾವಳಿಯ ನಂತರ ಅದೇನಾಯಿತೋ, ನನ್ನ ಪಾಲಿಗೆ ಅವಳ ಬಾಯಲ್ಲಿ ಮೂರೇ ಶಬ್ದ ಉಳಿದವು: ‘ಹ್ಞೂಂ’, ‘ಇಲ್ಲ’, ‘ಗೊತ್ತಿಲ್ಲ’. ಅಪ್ಪನ ಜೊತೆ ನಗುನಗುತ್ತ ಮಾತಾಡುತ್ತಾಳೆ, ನಾನು ಚಹಾ ಹಿಡಿದು ಹೋದರೆ ಇಬ್ಬರೂ ಟಿ.ವಿ. ಕಡೆ ಮುಖ ತಿರುಗಿಸುತ್ತಾರೆ. ಬೈದು ನೋಡಿದೆ, ಪುಸಲಾಯಿಸಿ ನೋಡಿದೆ, ಶೇಂಗಾ ಹೋಳಿಗೆ ಮಾಡಿ ನೋಡಿದೆ. ಹೋಳಿಗೆ ಖರ್ಚಾಯಿತು, ಮಾತು ಬರಲಿಲ್ಲ. ಊರಿನವರೆಲ್ಲರ ಮನೆ ಸುದ್ದಿ ಗೊತ್ತಿರುವ ನನಗೆ ನಾನೇ ಹಡೆದ ಮಗಳ ಸುದ್ದಿ ಗೊತ್ತಿಲ್ಲ! ನಗಬೇಡಿ, ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಹೀಗಿರುವಾಗ ಕೊಪ್ಪಳದ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಒಂದು ಕಾಗದ ಕಣ್ಣಿಗೆ ಬಿತ್ತು. ಮನಃಶಾಸ್ತ್ರ ಮತ್ತು ಆಪ್ತಸಮಾಲೋಚನೆ, ಒಂದು ವರ್ಷದ ಡಿಪ್ಲೊಮಾ, ಶನಿವಾರ ಮತ್ತು ಭಾನುವಾರ, ವಯಸ್ಸಿನ ಮಿತಿ ಇಲ್ಲ. ‘ಮನಸ್ಸನ್ನು ಅರಿಯಿರಿ’ ಎಂದು ದಪ್ಪಕ್ಷರದಲ್ಲಿತ್ತು. ಯಾರ ಮನಸ್ಸು ಎಂದು ಬರೆದಿರಲಿಲ್ಲವಾದ್ದರಿಂದ ನಾನು ಪೂರ್ಣಿಯದೇ ಎಂದುಕೊಂಡೆ. ಮನೆಗೆ ಬಂದು ನಮ್ಮ ಮನೆಯವರಿಗೆ ಹೇಳಿದರೆ ಅವರು ಪೇಪರು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಯಾರಿಗೆ ಹುಚ್ಚು ಹಿಡದೈತಿ ಅಂತ ಇದನ್ನ ಕಲಿಯಾಕ ಹೊಂಟೀ?” ಎಂದರು. “ಹುಚ್ಚು ಹಿಡದವರಿಗಷ್ಟ ಅಲ್ರೀ ಅದು, ಛಲೋ ಇದ್ದವರಿಗೂ ಬೇಕಾಕ್ಕೈತಿ” ಎಂದೆ. “ಹಂಗಾರ ನನಗ್ಯಾಕ ಗಾಬರಿ ಆಗಾಕತ್ತೈತಿ?” ಎಂದು ಮತ್ತೆ ಪೇಪರಿನ ಹಿಂದೆ ಅಡಗಿದರು. ಹೆಂಗಸರಿಗೆ ಬಸ್ಸು ಪುಕ್ಕಟೆ ಇದ್ದದ್ದರಿಂದ ಅವರಿಗೆ ಬೇರೆ ಆಕ್ಷೇಪ ಸಿಗಲಿಲ್ಲ.

ಸುದ್ದಿ ಗಲ್ಲಿಯಲ್ಲಿ ಹರಡಿತು. ಹರಡಿದವಳು ನಾನೇ ಎಂದು ನೀವು ಊಹಿಸಿದ್ದರೆ ಅದು ಸರಿ. ನೀಲವ್ವ ಖಾಲಿ ಬಟ್ಟಲನ್ನು ಸೆರಗಿನೊಳಗೆ ಹಿಡಿದುಕೊಂಡು ಬಂದು, “ನೀ ಮನಸಿನ ಸಾಲಿಗೆ ಹೊಂಟೀಯಂತಲ್ಲ, ಈಗ ನನ್ನ ಮನಸಿನಾಗ ಏನೈತಿ ಹೇಳು ನೋಡೋಣು” ಎಂದಳು. ಆಗಿನ್ನೂ ಒಂದು ಕ್ಲಾಸೂ ಆಗಿರಲಿಲ್ಲ. ಸೆರಗಿನ ಉಬ್ಬು ನೋಡಿ, “ಒಂದು ಬಟ್ಟಲ ಸಕ್ಕರಿ ಬೇಕಾಗೈತಿ ನಿನಗ” ಎಂದೆ. ನೀಲವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಂದು ಸಂಜೆಯೊಳಗೆ ನಮ್ಮ ಗಲ್ಲಿಯಲ್ಲಿ ನಾನು ಅರ್ಧ ಡಾಕ್ಟರು.

ಕಾಲೇಜು ಎಂದರೆ ಒಂದು ಹಾಲು, ಎರಡು ಫ್ಯಾನು, ಅದರಲ್ಲಿ ಒಂದು ತಿರುಗುವುದು. ನಾವು ಹದಿನಾಲ್ಕು ಮಂದಿ. ಪಾಠ ಹೇಳುವ ಮೇಡಂ ಗಂಗಾವತಿಯವರು, ನನ್ನ ದೊಡ್ಡ ಮಗಳ ವಯಸ್ಸು. ನಮ್ಮನ್ನೆಲ್ಲ ‘ಆಂಟಿ’, ‘ಅಂಕಲ್’ ಎಂದು ಕರೆಯುತ್ತಿದ್ದರು. ವಿದ್ಯಾರ್ಥಿಯನ್ನು ಆಂಟಿ ಎಂದ ಮೇಲೆ ಬೈಯುವುದು ಹೇಗೆ? ಆ ಹುಡುಗಿಯ ಕಷ್ಟ ಆ ಹುಡುಗಿಗೇ ಗೊತ್ತು. ನನ್ನ ಬೆಂಚಿನಲ್ಲಿ ಹಿಟ್ನಾಳದ ಸುಜಾತಾ, ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗುವುದೇ ಅವಳ ಉದ್ಯೋಗವಾದ್ದರಿಂದ ನಮ್ಮಿಬ್ಬರಿಗೂ ಮೊದಲ ದಿನವೇ ಗಳಸ್ಯಕಂಠಸ್ಯ. ಮುಂದಿನ ಬೆಂಚಿನಲ್ಲಿ ಹನುಮಗೌಡ್ರು, ಕುಷ್ಟಗಿಯವರು, ನಿವೃತ್ತ ಹೆಡ್ ಕಾನ್‌ಸ್ಟೇಬಲ್ಲು. ಮನೆಯಲ್ಲಿ ಕೂತರೆ ಸೊಸೆಯಂದಿರಿಗೆ ತೊಂದರೆಯಾಗುತ್ತದೆ ಎಂದು ಮಗ ತಂದು ಸೇರಿಸಿದ್ದನಂತೆ.

ಗೌಡರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಒಮ್ಮೆ ಮೇಡಂ ಒಂದು ಹಾಳೆ ತೋರಿಸಿದರು. ಮಧ್ಯದಲ್ಲಿ ಮಸಿ ಚೆಲ್ಲಿ ಮಡಚಿದಂಥ ಕಲೆ. “ಇದರಲ್ಲಿ ನಿಮಗೆ ಏನು ಕಾಣಸ್ತದ ಹೇಳ್ರಿ, ತಪ್ಪು ಸರಿ ಅಂತ ಏನಿಲ್ಲ” ಎಂದರು. ಸುಜಾತಾಗೆ ಕೂಸು ಕಂಡಿತು. ಗಂಗಾವತಿಯ ರೈಸ್‌ಮಿಲ್ಲಿನ ಗುಮಾಸ್ತರೊಬ್ಬರಿಗೆ ಹರಿದ ಭತ್ತದ ಚೀಲ ಕಂಡಿತು. ನನಗೆ ಎರಡು ಹೆಂಗಸರು ತಲೆಗೆ ತಲೆ ಹಚ್ಚಿ ಏನೋ ಮಾತಾಡುತ್ತಿರುವಂತೆ ಕಂಡು, ಏನು ಮಾತಾಡುತ್ತಿದ್ದಾರೋ ಎಂದು ಜೀವ ಚಡಪಡಿಸಿತು. ಗೌಡರು ಹಾಳೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ, “ಇದು ರಕ್ತದ ಕಲಿ. ಪಂಚನಾಮಿ ಆಗೈತೇನ್ರಿ ಮೇಡಂ?” ಎಂದರು. ಇನ್ನೊಮ್ಮೆ ಕನ್ನಡಿಯಲ್ಲಿ ನೋಡಿಕೊಂಡು ಕಾಗದದ ಮೇಲೆ ನಕ್ಷತ್ರದ ಗೆರೆ ತಿದ್ದುವ ಪ್ರಯೋಗ. ಕೈ ಬಲಕ್ಕೆ ಎಳೆದರೆ ಕನ್ನಡಿಯಲ್ಲಿ ಎತ್ತಲೋ ಹೋಗುತ್ತದೆ. ಗೌಡರು ಮೂರು ಪೆನ್ಸಿಲ್ಲು ಮುರಿದು, ಕನ್ನಡಿಯನ್ನು ದಿಟ್ಟಿಸಿ, “ಇವ ಸುಳ್ಳು ಹೇಳಾಕತ್ತಾನ” ಎಂದರು. ಕನ್ನಡಿಯಲ್ಲಿದ್ದದ್ದು ಅವರದೇ ಮುಖ.

ಇರಲಿ, ನಕ್ಕಿದ್ದು ಸಾಕು. ನನ್ನ ಪಾಳಿಯೂ ಬಂತು. ಆಪ್ತಸಮಾಲೋಚನೆಯ ಮೊದಲ ಪಾಠ ಕೇಳಿಸಿಕೊಳ್ಳುವುದು. ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರು ತಮ್ಮ ಕಷ್ಟ ಹೇಳಬೇಕು, ಇನ್ನೊಬ್ಬರು ಹತ್ತು ನಿಮಿಷ ಸುಮ್ಮನೆ ಕೇಳಬೇಕು. ಸುಜಾತಾ ನನ್ನ ಎದುರು ಕೂತು, “ಒಂದು ವಾರ ಆತು ನಿದ್ದಿ ಬರವಲ್ದು…” ಎಂದಳು. “ಗಸಗಸಿ ಹಾಲು ಕುಡಿ, ಅಂಗಾಲಿಗೆ ಎಣ್ಣಿ ಹಚ್ಚು, ಆ ಮೊಬೈಲ್ ಮಗ್ಗಲಕ ಇಟ್ಕೊಂಡು ಮಕ್ಕೋಬ್ಯಾಡ, ನಿಮ್ಮ ಅತ್ತಿ ಏನರ ಅಂದಳೇನು?” ಎಂದೆ. ಮೇಡಂ ಕೈಗಡಿಯಾರ ನೋಡಿ, “ಆಂಟಿ, ನೀವು ಸುಮ್ಮನಿದ್ದದ್ದು ನಾಲ್ಕು ಸೆಕೆಂಡು” ಎಂದರು. ಅತ್ತ ಗೌಡರು ರೈಸ್‌ಮಿಲ್ಲಿನ ಗುಮಾಸ್ತರ ಕಷ್ಟ ಕೇಳುತ್ತಿದ್ದರು. “ಯಾವತ್ತಿಂದ? ಜೋಡಿ ಯಾರ್ಯಾರಿದ್ರು? ಮೊದಲ ಯಾಕ ಹೇಳಲಿಲ್ಲ?” ಎನ್ನುವುದು ಕೇಳಿಸುತ್ತಿತ್ತು. ಹತ್ತು ನಿಮಿಷದೊಳಗೆ ಆ ಬಡಪಾಯಿ ತಾನು ಮಾಡದ ತಪ್ಪುಗಳನ್ನೂ ಒಪ್ಪಿಕೊಂಡು ಬೆವರು ಒರೆಸಿಕೊಳ್ಳುತ್ತಿದ್ದ.

ಕೊನೆಗೆ ಮೇಡಂ ಬೋರ್ಡಿನ ಮೇಲೆ ಮೂರು ನಿಯಮ ಬರೆದರು. ಬುದ್ಧಿ ಹೇಳಬಾರದು. ಕೇಳಿದ್ದನ್ನು ಹೊರಗೆ ಆಡಬಾರದು. ಯಾರ ಹೆಸರನ್ನೂ ಎತ್ತಬಾರದು. ನಾನು ಬರೆದುಕೊಂಡೆನೇನೋ ಹೌದು, ಆದರೆ ಇವಿಷ್ಟನ್ನು ಬಿಟ್ಟ ಮೇಲೆ ಒಬ್ಬ ಹೆಂಗಸು ಕುಕನೂರಿನಲ್ಲಿ ಬದುಕಿದ್ದು ಮಾಡುವುದಾದರೂ ಏನು ಎಂಬುದು ತಿಳಿಯಲಿಲ್ಲ.

ಕಲಿತದ್ದನ್ನು ಮನೆಯಲ್ಲಿ ಪ್ರಯೋಗಿಸದಿದ್ದರೆ ವಿದ್ಯೆ ಎಂಥದು? ಎದುರಿನವರು ಹೇಳಿದ್ದನ್ನೇ ಮೆಲ್ಲಗೆ ತಿರುಗಿ ಹೇಳಿದರೆ ಅವರ ಮನಸ್ಸು ಬಿಚ್ಚಿಕೊಳ್ಳುತ್ತದೆ ಎಂದು ಮೇಡಂ ಕಲಿಸಿದ್ದರು. ಮರುದಿನ ಬೆಳಿಗ್ಗೆ ಪೂರ್ಣಿ ತಾಟಿನ ಮುಂದೆ ಕೂತು, “ನನಗ ರೊಟ್ಟಿ ಬ್ಯಾಡ” ಎಂದಳು. ಬೇರೆ ದಿನವಾಗಿದ್ದರೆ ಒಂದು ಭಾಷಣ ಆಗುತ್ತಿತ್ತು. ನಾನು ಮುಖದ ಮೇಲೆ ಶಾಂತಿ ತಂದುಕೊಂಡು, “ಅಂದರೆ, ನಿನಗೆ ರೊಟ್ಟಿ ಬೇಡ ಅನ್ನಿಸುತ್ತಿದೆ” ಎಂದೆ. ಅವಳು ತಲೆಯೆತ್ತಿ ನೋಡಿದಳು. “ಹ್ಞೂಂ.” “ಅನ್ನಿಸುತ್ತಿರುವುದನ್ನು ನೀನು ಹೇಳಿಕೊಳ್ಳುತ್ತಿದ್ದೀ.” ಪೂರ್ಣಿ ಅಡುಗೆಮನೆಯಿಂದಲೇ, “ಅಪ್ಪಾ, ಅವ್ವ ಯಾಕೋ ಟಿ.ವಿ.ಯವರಗತೆ ಮಾತಾಡಾಕತ್ತಾಳ ನೋಡು ಬಾ” ಎಂದು ಕೂಗಿದಳು. ಅವರು ಬಂದು ನನ್ನ ಹಣೆ ಮುಟ್ಟಿ ನೋಡಿ ಹೋದರು.

ಯುಗಾದಿ ಮುಗಿದ ಮೇಲೆ ಮೇಡಂ ದೊಡ್ಡ ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಒಬ್ಬ ವ್ಯಕ್ತಿಯನ್ನು ಮೂರು ವಾರ ಗಮನಿಸಿ, ಅವರ ಸಮಸ್ಯೆ ಏನು, ಕಾರಣ ಏನು ಎಂದು ಬರೆದು ಕ್ಲಾಸಿನಲ್ಲಿ ಓದಬೇಕು. “ಆ ವ್ಯಕ್ತಿ ಒಪ್ಪಿರಬೇಕು. ಹೆಸರು ಬರೀಬಾರದು. ಯಾರು ಅಂತ ಯಾರಿಗೂ ಗುರುತು ಹತ್ತಬಾರದು. ಆದ್ರ ಹಿನ್ನೆಲೆ ಮಾತ್ರ ವಿವರವಾಗಿ ಇರ್ಬೇಕ್ರಿ” ಎಂದರು. ಇಷ್ಟು ದಿನಗಳಲ್ಲಿ ಆ ಹುಡುಗಿ ಮಾಡಿದ ತಪ್ಪು ಇದೊಂದೇ, ಆ ಕೊನೆಯ ವಾಕ್ಯ. ಒಪ್ಪಿಗೆಯ ವಿಷಯ ನನಗೆ ಅನ್ವಯಿಸುವುದಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡೆ. ಹೆತ್ತ ತಾಯಿಗೆ ಎಂಥ ಒಪ್ಪಿಗೆ? ಜೋಳದ ಚೀಲದ ಮರೆಯಲ್ಲಿ ನಿಂತು ಮೂರು ವಾರ ಟಿಪ್ಪಣಿ ಮಾಡಿದೆ. ಏಳು ಗಂಟೆಗೆ ಎದ್ದಳು, ಮುಖ ಗಂಟು. ಏಳೂವರೆಗೆ ಒಂದೂವರೆ ರೊಟ್ಟಿ, ಉಳಿದರ್ಧ ನಾಯಿಗೆ. ನಾಯಿಯ ಜೊತೆ ಎರಡು ನಿಮಿಷ ಮಾತು. ಇದನ್ನು ಬರೆಯುವಾಗ ಕಣ್ಣಲ್ಲಿ ನೀರು ಬಂತು. ನಾಯಿಗೆ ಇರುವ ಯೋಗ್ಯತೆ ನನಗಿಲ್ಲವಾಯಿತಲ್ಲ!

ಓದುವ ದಿನ ಬಂತು. ಗೌಡರು ಮೊದಲು ಎದ್ದರು. “ಹೆಸರು ಗುಪ್ತವಾಗಿಡಲಾಗಿದೆ. ಶ್ರೀ ಅ ಅಂತ ಕರೆಯೋಣ” ಎಂದು ಗಂಭೀರವಾಗಿ ಶುರು ಮಾಡಿ, ಶ್ರೀ ಅ ಇರುವುದು ಹಿಟ್ನಾಳದಲ್ಲಿ, ರಸ್ತೆಯ ಎಡಕ್ಕೆ, ಹಸಿರು ಬಾಗಿಲ ಮನೆ, ಮೊದಲು ಟ್ರ್ಯಾಕ್ಟರ್ ಇಟ್ಟಿದ್ದ, ಬಲಗೈಗೆ ಆರು ಬೆರಳು ಎಂದು ಓದಿದರು. ಕುಡಿತದ ಚಟಕ್ಕೆ ಬರುವಷ್ಟರಲ್ಲಿ ನನ್ನ ಪಕ್ಕದಲ್ಲಿ ಸುಜಾತಾ ಎದ್ದು ನಿಂತಿದ್ದಳು. “ಗೌಡ್ರ, ಅವ ನಮ್ಮ ದೊಡ್ಡಪ್ಪನ ಮಗ ಅದಾನ!” ಗೌಡರು ತಣ್ಣಗೆ, “ಇರಬೌದವಾ. ನಾನಂತೂ ಹೆಸರು ಹೇಳಿಲ್ಲ” ಎಂದರು. ಮೇಡಂ ಕಣ್ಣು ಮುಚ್ಚಿಕೊಂಡರು.

ಇದು ಗೌಡರೊಬ್ಬರ ತಪ್ಪಲ್ಲ. ನಮ್ಮ ಕಡೆ ಹೆಸರಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಮ್ಮ ಗಲ್ಲಿಯೊಂದರಲ್ಲೇ ಐದು ಮಂದಿ ಬಸವರಾಜರಿದ್ದಾರೆ. ಬಸ್ಸಿನಲ್ಲಿ ಮಗ್ಗುಲಿಗೆ ಕೂತವರು ಮೊದಲು ಕೇಳುವುದು ಯಾವೂರು, ಆಮೇಲೆ ಯಾರ ಪೈಕಿ, ತವರು ಯಾವುದು, ಹಿರಿಯರು ಏನು ಮಾಡುತ್ತಿದ್ದರು ಎಂದು. ಕೊಪ್ಪಳ ಬರುವುದರೊಳಗೆ ಏನೋ ಒಂದು ಸಂಬಂಧ ಕೂಡಿ ಬಂದು, ಇಳಿಯುವಾಗ ‘ಬರ್ರಿ ಮನಿಗೆ’ ಎಂದು ಕರೆದಿರುತ್ತಾರೆ. ಹೆಸರು ಕೇಳುವುದೇ ಮರೆತುಹೋಗಿರುತ್ತದೆ. ಇಂಥವರಿಗೆ ಹೆಸರು ಮಾತ್ರ ಮುಚ್ಚಿಟ್ಟು ಉಳಿದದ್ದನ್ನು ವಿವರವಾಗಿ ಬರೆಯಿರಿ ಎಂದರೆ, ಏನು ಮುಚ್ಚಿಟ್ಟಂತಾಯಿತು?

ಇಷ್ಟೆಲ್ಲ ಕಣ್ಣೆದುರೇ ನಡೆದರೂ ನನಗೆ ಬುದ್ಧಿ ಬರಲಿಲ್ಲ. ನನ್ನದು ಬೇರೆ, ಶಾಸ್ತ್ರೀಯವಾಗಿದೆ ಎಂದುಕೊಂಡು ಎದ್ದು ಓದಿದೆ. “ಹೆಸರು ಗುಪ್ತವಾಗಿಡಲಾಗಿದೆ. ಕುಮಾರಿ ಕ, ಕುಕನೂರಿನ ಸಂತೆ ಬಜಾರಿನ ಹಿಂದಿನ ಗಲ್ಲಿಯ ಬೀಜ-ಗೊಬ್ಬರದ ಅಂಗಡಿಯವರ ಎರಡನೆಯ ಮಗಳು. ಅಕ್ಕನನ್ನು ಯಲಬುರ್ಗಾಕ್ಕೆ ಕೊಟ್ಟಿದೆ. ತಾಯಿಯ ತವರು ತಾವರಗೇರಾ. ತಾಯಿ ತಿಳಿವಳಿಕೆಯುಳ್ಳವರು, ತಾಳ್ಮೆಯವರು, ಮಿತಭಾಷಿ.” ಇಲ್ಲಿ ಕ್ಲಾಸು ಯಾಕೋ ನಕ್ಕಿತು. ನಾನು ನಿಲ್ಲಿಸಲಿಲ್ಲ. ಮಗಳ ಮೌನಕ್ಕೆ ಸಂಭವನೀಯ ಕಾರಣಗಳು ಎಂಬಲ್ಲಿ ವಯಸ್ಸು, ಮೊಬೈಲು, ಗೆಳತಿಯರು, ಹಬ್ಬದ ದಿನ ಯಾರದೋ ದೃಷ್ಟಿ ತಾಗಿರುವುದು ಎಂದೆಲ್ಲ ಓದಿ, ಕೊನೆಗೆ, “ಪ್ರೇಮ ಪ್ರಕರಣದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ” ಎಂದು ಮುಗಿಸಿದೆ. ಆ ವಾಕ್ಯ ಪೇಪರಿನಲ್ಲಿ ಓದಿದ್ದು. ಕೇಳಲು ಚೆನ್ನಾಗಿರುತ್ತದೆ ಎಂದು ಹಾಕಿದ್ದೆ. ಮೇಡಂ ಪೆನ್ನು ಕೆಳಗಿಟ್ಟು, “ಆಂಟಿ, ನಿಮ್ಮ ಮಗಳಿಗೆ ಇದು ಗೊತ್ತದೇನ್ರಿ?” ಎಂದು ಕೇಳಿದರು. “ನನ್ನ ಮಗಳು ಅಂತ ನಿಮಗ ಹೆಂಗ ಗೊತ್ತಾತ್ರಿ?” ಎಂದೆ. ನೋಡಿ, ಎಂಥ ಪ್ರಶ್ನೆ!

ಸುಜಾತಾಳ ಅಕ್ಕನ ಮಗಳು ಪೂರ್ಣಿಯ ಜೊತೆಗೇ ಓದುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ. ಸುಜಾತಾ ಸುದ್ದಿಯನ್ನು ಬೇರೆ ಯಾರಿಗೂ ಹೇಳಲಿಲ್ಲವಂತೆ, ಅಕ್ಕನಿಗೆ ಮಾತ್ರ ಫೋನಿನಲ್ಲಿ ಹೇಳಿದಳಂತೆ. ಅಕ್ಕ ತನ್ನ ಮಗಳಿಗೆ ಮಾತ್ರ ಹೇಳಿದಳಂತೆ. ನಾನು ಕುಕನೂರಿನಲ್ಲಿ ಬಸ್ಸಿಳಿಯುವಾಗ ಅಂಗಡಿ ಮುಂದೆ ನಾಲ್ಕು ಮಂದಿ ನಿಂತು ನಮ್ಮ ಮನೆಯವರಿಗೆ ಧೈರ್ಯ ಹೇಳುತ್ತಿದ್ದರು. ಅವರು ತಕ್ಕಡಿಯ ಕಡೆ ನೋಡುತ್ತ, “ಮಗಳು ಮನ್ಯಾಗ ಅದಾಳ, ಹೋಗು” ಎಂದರು, ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಅವರು ನನ್ನ ಮುಖ ನೋಡದೆ ಮಾತಾಡಿದ್ದು ಅದೇ ಮೊದಲು.

ಪೂರ್ಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಮಿತಭಾಷಿ ಅಂತ ಬರಕೊಂಡೀಯಂತಲ್ಲ” ಎಂದಳು. ಆರು ತಿಂಗಳಲ್ಲಿ ಅವಳು ನನ್ನ ಜೊತೆ ಆಡಿದ ಅತಿ ಉದ್ದದ ವಾಕ್ಯ ಅದು. ನಾನು ಏನೋ ಹೇಳಲು ಹೋದೆ. “ದೀಪಾವಳಿ ಅಮಾಸಿ ದಿನ ಮುಂಜಾನೆ ನಿನ್ನ ಮುಂದ ಒಂದು ಮಾತು ಹೇಳಿದ್ನಿ. ನೆನಪರ ಐತೇನು?” ಎಂದಳು. ಎಷ್ಟು ತಿಣುಕಿದರೂ ನೆನಪಾಗಲಿಲ್ಲ. “ಒಂದು ಪೇಪರ್ ಹೋಗೈತಿ ಯವ್ವಾ, ಹಬ್ಬ ಮುಗದ ಮ್ಯಾಲೆ ಅಪ್ಪಗ ನಾನ ಹೇಳ್ತೀನಿ, ಅಲ್ಲೀತನಕ ಯಾರ ಮುಂದೂ ಅನಬ್ಯಾಡ ಅಂತ ಕೈ ಹಿಡದು ಕೇಳಿದ್ನಿ. ನೀ ಆತವಾ ಅಂದಿ. ಆತವಾ ಅಂದಾಕಿ ಹಿತ್ತಲಕ ಹೋಗಿ ತಾವರಗೇರಾಕ್ಕ ಫೋನ್ ಹಚ್ಚಿದಿ.”

ಆಗ ನೆನಪಾಯಿತು. ಫೋನು ಹಚ್ಚಿದ್ದು ನನ್ನ ತಂಗಿಗೆ. ತಂಗಿ ಎಂದರೆ ಬೇರೆಯವಳೇ? ಮುಂದೇನು ಮಾಡುವುದೆಂದು ಒಂದು ಸಲಹೆ ಕೇಳೋಣವೆಂದು ಅಷ್ಟೇ. ಆಮೇಲೆ ನೀಲವ್ವನಿಗೆ, ಯಾಕೆಂದರೆ ಅವಳ ಅಳಿಯ ಮಾಸ್ತರ. ಆಮೇಲೆ ಇನ್ನೂ ಯಾರಿಗೋ, ಯಾಕೆಂದರೆ ನೀಲವ್ವನಿಗೆ ಹೇಳಿದ ಮೇಲೆ ಅವರಿಗೆ ಹೇಳದಿದ್ದರೆ ತಪ್ಪು ತಿಳಿದಾರು. ಅಂದು ಸಂಜೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ವರ್ಷವೂ ಬೀಜ ಒಯ್ಯುವ ರೈತರೆಲ್ಲ ಬರುತ್ತಾರೆ, ಚುರುಮುರಿ, ಪೇಡೆ, ಎಲೆ-ಅಡಿಕೆ ತೆಗೆದುಕೊಂಡು ಹೋಗುತ್ತಾರೆ. “ಅಷ್ಟು ಮಂದ್ಯಾಗ ಒಬ್ಬ ಅಜ್ಜ ನನ್ನ ತೆಲಿ ಮ್ಯಾಲೆ ಕೈ ಇಟ್ಟು, ಒಂದು ಪೇಪರ್ ಹೋದ್ರ ಹೋಗ್ಲಿ ಬಿಡವಾ ತಂಗಿ, ಮುಂದಿನ ಹಂಗಾಮಿನ್ಯಾಗ ತಗದ್ರಾತು ಅಂದ. ಅಪ್ಪ ನನ್ನ ಮಾರಿ ನೋಡಿದ. ಅಪ್ಪಗ ಗೊತ್ತಾಗಿದ್ದು ಆವಾಗ. ನೀ ಏನ್ ಮಾಡಾಕತ್ತಿದ್ದಿ ಗೊತ್ತೈತೇನು? ನಕ್ಕೋಂತ ಪೇಡೆ ಹಂಚಾಕತ್ತಿದ್ದಿ.”

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಅಳುವ ಮಗಳನ್ನು ಅಪ್ಪಿಕೊಳ್ಳುವುದು ಎಲ್ಲ ತಾಯಂದಿರಿಗೂ ಗೊತ್ತಿರುತ್ತದೆ. ಅವಳು ನಿಂತಲ್ಲೇ ನಿಂತು, ಒಂದೊಂದಾಗಿ ಹೇಳುತ್ತ ಹೋದಳು. ಎಂಟನೆಯ ಇಯತ್ತೆಯಲ್ಲಿ ಹೇಳಿದ್ದು, ಪಿಯುಸಿಯಲ್ಲಿ ಹೇಳಿದ್ದು, ಅಕ್ಕ ಅತ್ತೆಮನೆಯಿಂದ ಫೋನು ಮಾಡಿ ಅತ್ತದ್ದು, ಅದು ಅಕ್ಕನ ಅತ್ತೆಗೇ ಹೋಗಿ ಮುಟ್ಟಿದ್ದು. ಎಲ್ಲವೂ ಸಣ್ಣ ಮಾತುಗಳು. ಅಂದರೆ ನನಗೆ ಸಣ್ಣವಾಗಿದ್ದವು. ಮೇಡಂ ಕಲಿಸಿದ ಹತ್ತು ನಿಮಿಷ ಆಗಿಹೋಯಿತು, ಇಪ್ಪತ್ತೂ ಆಗಿರಬೇಕು, ನಾನು ಬಾಯಿ ತೆರೆಯಲಿಲ್ಲ. ಕಲಿತದ್ದರಿಂದ ಅಲ್ಲ, ಹೇಳಲು ಏನೂ ಇರಲಿಲ್ಲ. ನಾಚಿಕೆಯಾಯಿತು. ಮೂರು ವಾರ ಚೀಲದ ಮರೆಯಲ್ಲಿ ನಿಂತು ಮೊಬೈಲು, ಗೆಳತಿಯರು, ದೃಷ್ಟಿ ಎಂದು ಹುಡುಕಿದವಳಿಗೆ ಕಾರಣ ಎಂಬ ಖಾನೆಯಲ್ಲಿ ನನ್ನನ್ನು ಬರೆದುಕೊಳ್ಳಬೇಕೆಂದು ಹೊಳೆದೇ ಇರಲಿಲ್ಲವಲ್ಲ! “ತಪ್ಪಾತು ಪೂರ್ಣಿ” ಎಂದೆ. “ಹ್ಞೂಂ” ಎಂದು ಒಳಗೆ ಹೋದಳು.

ಎಂಟು ದಿನ ಹಾಗೇ ಹೋಯಿತು, ನಡುವೆ ಬಂದ ಕ್ಲಾಸಿಗೂ ಹೋಗಲಿಲ್ಲ. ನಾನು ಯಾವುದನ್ನೂ ಪ್ರಯೋಗಿಸಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ, ಪೂರ್ಣಿ ಬಂದು ಒಲೆಯ ಪಕ್ಕ ಕೂತಳು. ಸ್ವಲ್ಪ ಹೊತ್ತು ಹಿಟ್ಟಿನಲ್ಲಿ ಬೆರಳಾಡಿಸಿದಳು. “ಯವ್ವಾ, ಒಂದು ಮಾತು ಹೇಳಬೇಕಾಗೈತಿ. ಅಪ್ಪಗ ಮುಂದ ನಾನ ಹೇಳ್ತೀನಿ. ಹೇಳಲೋ ಬ್ಯಾಡೋ ತಿಳೀವಲ್ದು” ಎಂದಳು. ‘ಹೇಳವಾ, ನನ್ನ ಮುಂದ ಹೇಳಲಾರದ ಯಾರ ಮುಂದ ಹೇಳ್ತಿ’ ಎಂಬ ಮಾತು ಗಂಟಲವರೆಗೆ ಬಂದಿತ್ತು, ನುಂಗಿಕೊಂಡು ರೊಟ್ಟಿ ಬಡಿದೆ. ಬಡಿದದ್ದು ಜಾಸ್ತಿಯಾಗಿ ಹರಿದುಹೋಯಿತು. ಆಗ ಅವಳು ಹೇಳಿದಳು.

ಆ ಶನಿವಾರ ಕ್ಲಾಸಿಗೆ ಹೋದರೆ ಹದಿಮೂರು ಮಂದಿಯೂ ನನಗಾಗಿ ಕಾಯುತ್ತಿದ್ದರು. “ಏನಂದ್ಲ ಅಕ್ಕಾ ಮಗಳು?” ಎಂದು ಸುಜಾತಾ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. “ಏನಿಲ್ಲ” ಎಂದೆ. “ಏನೂ ಅನಲಿಲ್ಲ?” “ಏನಿಲ್ಲ.” ಮೇಡಂ ನನ್ನ ಕೇಸನ್ನು ತಿದ್ದಿ ಬರೆಯಲು ಹೇಳಿದರು. ಬರೆಯುವುದಿಲ್ಲ, ಬೇಕಾದರೆ ಸೊನ್ನೆ ಹಾಕಿರಿ ಎಂದೆ. ಗೌಡರು ಮೀಸೆ ನೀವಿ, ಎಲ್ಲರಿಗೂ ಕೇಳುವಂತೆ, “ನನ್ನ ಸರ್ವೀಸಿನ್ಯಾಗ ಭಾಳ ನೋಡೀನಿ. ಮಾತಾಡವರು ಒಮ್ಮಿಲೇ ಸುಮ್ಮಾದ್ರು ಅಂದ್ರ, ಕೇಸು ದೊಡ್ಡದೈತಿ ಅಂತ ತಿಳೀಬೇಕು” ಎಂದರು.

ಅಷ್ಟು ಸಾಕಾಯಿತು. ನಾನು ಬಾಯಿ ಮುಚ್ಚಿಕೊಂಡಿದ್ದೇನೆ ಎಂಬುದೇ ನಾಲ್ಕು ತಾಲೂಕಿಗೆ ಸುದ್ದಿಯಾಯಿತು. ಯಲಬುರ್ಗಾದಲ್ಲಿ ನನ್ನ ಬೀಗಿತಿಗೆ ಮುಟ್ಟಿದ ಸುದ್ದಿಯಲ್ಲಿ ಪೂರ್ಣಿಗೆ ನಿಶ್ಚಯವಾಗಿತ್ತು. ಕುಷ್ಟಗಿಗೆ ಹೋಗುವುದರೊಳಗೆ ನಿಶ್ಚಯ ಮುರಿದಿತ್ತು. ಗಂಗಾವತಿಯಲ್ಲಿ ಅವಳ ಲಗ್ನ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗಿಹೋಗಿ, ಹುಡುಗ ಕಾಲುವೆ ಭಾಗದವನೆಂದೂ, ಎರಡು ಬೆಳೆ ಭತ್ತ ತೆಗೆಯುವ ಮನೆತನವೆಂದೂ ವಿವರ ಕೂಡಿಕೊಂಡಿತ್ತು. ನೀಲವ್ವ ಬಂದು ನನ್ನ ಕೈ ಹಿಡಿದು, “ಚಿಂತಿ ಮಾಡಬ್ಯಾಡ ಬೇ, ಎರಡು ಬೆಳಿ ತಗೀತಾರಂದ್ರ ಮನಿ ಛಲೋನ ಇರಬೇಕು” ಎಂದು ಸಮಾಧಾನ ಹೇಳಿದಳು. ನಮ್ಮ ಮನೆಯವರು ಎದುರಿಗೆ ಕೂತು, “ಖರೇ ಏನೈತಿ ಹೇಳಿಬಿಡು, ನಾ ಸಿಟ್ಟಾಗಂಗಿಲ್ಲ” ಎಂದರು. “ಅಕಿನ ಹೇಳ್ತಾಳ್ರಿ, ತಡೀರಿ” ಎಂದೆ. ಹೇಳುತ್ತೇನೆ, ಹೆರಿಗೆ ಎರಡು ಸಲ ಆಗಿದೆ ನನಗೆ, ಅದಕ್ಕಿಂತ ಕಷ್ಟ ಇದು.

ಸುದ್ದಿ ತಿರುಗಿ ತಿರುಗಿ ಪೂರ್ಣಿಯ ಕಿವಿಗೂ ಬಿತ್ತು. ಸಂಜೆ ಬಸ್ಸಿಳಿದು ನೇರ ಅಡುಗೆಮನೆಗೆ ಬಂದಳು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. “ಗಂಗಾವತ್ಯಾಗ ನನ್ನ ಲಗ್ನ ಆಗೈತಂತ” ಎಂದಳು. ಮುಗಿಯಿತು, ಇನ್ನು ಈ ಜನ್ಮದಲ್ಲಿ ಇವಳು ನನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡೆ. “ನಾ ಹೇಳಿಲ್ಲವಾ, ನಿನ್ನಾಣಿ ಮಾಡಿ ಹೇಳ್ತೀನಿ, ಯಾರ ಮುಂದೂ ಒಂದು ಅಕ್ಷರ ಅಂದಿಲ್ಲ” ಎಂದೆ.

ಪೂರ್ಣಿ ಬ್ಯಾಗು ಕೆಳಗಿಟ್ಟಳು. “ಗೊತ್ತೈತಿ ಬಿಡು” ಎಂದಳು. “ನೀ ಹೇಳಿದ್ದಿ ಅಂದ್ರ, ಖರೇ ಸುದ್ದೀನ ಹರಡತಿತ್ತು” ಎಂದು ನಕ್ಕುಬಿಟ್ಟಳು. ನಕ್ಕು, ಚಪ್ಪಲಿ ಬಿಡಲು ಹೋಗುತ್ತ, ಬಸ್ಸಿನಲ್ಲಿ ಯಾರೋ ಒಬ್ಬಳು ಪೂರ್ಣಿಗೇ ಅವಳ ಗಂಗಾವತಿಯ ಗಂಡನ ಮೈಬಣ್ಣ ವರ್ಣಿಸಿದ ಕತೆ ಶುರು ಮಾಡಿದಳು. ನಾನು ಒಲೆ ಆರಿಸಿ ಕೂತು ಕೇಳಿದೆ.

ಕಾಲೇಜಿನವರು ಕೊಡುವ ಡಿಪ್ಲೊಮಾ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಆ ಸೊನ್ನೆಯ ನಂತರ ಆಸೆಯೂ ಕಡಿಮೆ. ನನಗೆ ಸಿಗಬೇಕಾದ ಸರ್ಟಿಫಿಕೇಟು ಅಡುಗೆಮನೆಯಲ್ಲೇ ಸಿಕ್ಕಿತು. ಆದರೆ ನನ್ನ ಹಣೆಬರಹ ನೋಡಿ. ಜನ್ಮದಲ್ಲಿ ಒಮ್ಮೆ ಸಿಕ್ಕ ಈ ಸರ್ಟಿಫಿಕೇಟನ್ನು ನಾಲ್ಕು ಮಂದಿಗೆ ತೋರಿಸಿ ಮೆರೆಯೋಣವೆಂದರೆ, ‘ಮಗಳು ಹಿಂಗಂದ್ಲು’ ಎಂದು ಬಾಯಿ ತೆರೆದ ಕೂಡಲೇ ಅವರು ಕೇಳುವುದು ಒಂದೇ, ‘ಹಂಗಾರ ಖರೇ ಸುದ್ದಿ ಏನು?’ ಆದ್ದರಿಂದ ಹದಿನೇಳು ದಿನಗಳಿಂದ ಬಾಗಿಲ ಮುಂದೆ ಕೂರುವುದನ್ನೇ ಬಿಟ್ಟಿದ್ದೇನೆ, ಹುಣಸೆಹಣ್ಣು ಡಬ್ಬಿಯಲ್ಲಿ ಹಾಗೇ ಬಿದ್ದಿದೆ. ನೀವೂ ಇಲ್ಲಿಯವರೆಗೆ ಓದಿದವರು, ನಿಮ್ಮ ತುದಿನಾಲಿಗೆಯ ಮೇಲೂ ಅದೇ ಪ್ರಶ್ನೆ ಇರುತ್ತದೆ. ನಿಮಗೆ ಕೈ ಮುಗಿಯುತ್ತೇನೆ, ಕೇಳಬೇಡಿ. ಒಂದು ಸಲ ಕೇಳಿದರೆ ತಡೆದುಕೊಂಡೇನು. ಎರಡನೆಯ ಸಲ ಕೇಳಿದರೆ ಹೇಳಿಬಿಡುತ್ತೇನೆ.